ಹಿತ್ತಲಿಗೆ ಬೇಕಾದ ಗುಲಾಬಿ ಯಾವುದು?



ಗುಲಾಬಿಯ ಮಾತೆತ್ತಿದರೆ "ಅದು ಪಟ್ಟಣದ ಬಂಗಲೆಯವರ ಹವ್ಯಾಸ, ಬೇಸಾಯಗಾರರಿಗೆ ಅದರಿಂದೇನು?" ಎಂದು ಕೇಳುವವರುಂಟು. ಆದರೆ ಹೊಸದುರ್ಗ ತಾಲ್ಲೂಕಿನ ಯಾವ ಹೋಬಳಿಗೆ ಹೋದರೂ, ಮತ್ತೋಡಿರಲಿ, ಮಾಡದಕೆರೆಯಿರಲಿ, ಶ್ರೀರಾಂಪುರವಿರಲಿ, ಬಚ್ಚಲ ನೀರು ಹರಿಯುವ ಕಡೆ ಒಂದು ಬಾಳೆ, ಒಂದು ಕರಿಬೇವು, ಅವುಗಳ ಪಕ್ಕದಲ್ಲಿ ಒಂದು ಗುಲಾಬಿ ಗಿಡ ಕಂಡರೆ ಅದು ಅಚ್ಚರಿಯ ಸಂಗತಿಯಲ್ಲ. ಬೆಳಗಿನ ಪೂಜೆಗೆ, ಶಾಲೆಗೆ ಹೊರಟ ಮಗಳ ಜಡೆಗೆ, ಮನೆಗೆ ಬಂದ ಮುತ್ತೈದೆಗೆ ಹೂವು ಬೇಕೇ ಬೇಕು. ಆದ್ದರಿಂದ ಗುಲಾಬಿ ಬೆಳೆಯಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಯಾವ ಗುಲಾಬಿಯನ್ನು ಬೆಳೆಯಬೇಕು ಎಂಬುದೇ ಪ್ರಶ್ನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಿತ್ತಲಿಗೆ ತರುವ ಗುಲಾಬಿಯನ್ನು ಹೂವಿನ ಗಾತ್ರ ಮತ್ತು ಬಣ್ಣ ನೋಡಿ ಆರಿಸಬಾರದು. ಔಷಧಿ ಸಿಂಪರಣೆಯಿಲ್ಲದೆ ಬದುಕಬಲ್ಲ, ಒಳ್ಳೆಯ ಪರಿಮಳವುಳ್ಳ, ವರ್ಷದಲ್ಲಿ ಮತ್ತೆ ಮತ್ತೆ ಹೂ ಬಿಡುವ, ಕಡ್ಡಿ ನೆಟ್ಟರೆ ತನ್ನ ಬೇರಿನಲ್ಲೇ ಪೊದೆಯಾಗಿ ಬೆಳೆಯುವ ಗುಲಾಬಿಯನ್ನು ಆರಿಸಬೇಕು. ಈ ನಾಲ್ಕು ಗುಣಗಳಲ್ಲಿ ಮೊದಲನೆಯದಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಅದಕ್ಕೆ ಕಾರಣವಿದೆ.

ಔಷಧಿಯ ಗುಲಾಬಿ ಮನೆಗೆ ಬೇಡ

ಹೊಸದುರ್ಗ ದಾಳಿಂಬೆಯ ನಾಡು. ದುಂಡಾಣು ಅಂಗಮಾರಿ ರೋಗದ ಕಾಟ, ನುಸಿಯ ಕಾಟ ಅನುಭವಿಸಿದ ರೈತರಿಗೆ ಸಿಂಪರಣೆ ಹೊಸದಲ್ಲ. ತೋಟದ ಕೆಲಸ ಮುಗಿದ ಮೇಲೆ ಪಂಪಿನಲ್ಲಿ ಒಂದೆರಡು ಲೀಟರು ದ್ರಾವಣ ಉಳಿಯುತ್ತದೆ. ಅದನ್ನು ಚೆಲ್ಲುವುದೇಕೆಂದು ಮನೆಯ ಮುಂದಿನ ಗುಲಾಬಿಗೆ ಹೊಡೆಯುವ ಅಭ್ಯಾಸ ಕೆಲವರಲ್ಲಿದೆ. ಗಿಡದ ಎಲೆ ಮುದುರಿದೆ, ಮೊಗ್ಗು ಕಪ್ಪಾಗಿದೆ, ಹೇಗೂ ಔಷಧಿಯಿದೆ ಎಂಬುದು ಅವರ ಲೆಕ್ಕ.

ಈ ಲೆಕ್ಕ ಸರಿಯಲ್ಲ. ಅಂತರವ್ಯಾಪಿ ಕೀಟನಾಶಕಗಳು ಎಲೆಯ ಮೇಲೆ ಮಾತ್ರ ನಿಲ್ಲುವುದಿಲ್ಲ. ಅವು ಗಿಡದ ರಸದಲ್ಲಿ ಸೇರಿ ಚಿಗುರಿಗೂ ಮೊಗ್ಗಿಗೂ ಹೋಗುತ್ತವೆ. ಔಷಧಿಯ ಡಬ್ಬಿಯ ಮೇಲೆ, ಸಿಂಪಡಿಸಿದ ಇಷ್ಟು ದಿನಗಳ ನಂತರ ಕೊಯ್ಲು ಮಾಡಬೇಕು ಎಂದು ಬರೆದಿರುತ್ತದೆ. ಆ ಗಡುವು ಡಬ್ಬಿಯ ಮೇಲೆ ಹೆಸರಿಸಿದ ಬೆಳೆಗೆ ಮಾತ್ರ ಅನ್ವಯಿಸುತ್ತದೆ. ಮಾರನೆಯ ಬೆಳಿಗ್ಗೆ ಕಿತ್ತು ಮಗುವಿನ ಮುಡಿಗೆ ಇಡುವ ಹೂವಿಗೆ ಯಾರೂ ಗಡುವು ಗೊತ್ತುಮಾಡಿಲ್ಲ. ಪರಿಮಳದ ಹೂವನ್ನು ಮಕ್ಕಳು ಮೂಗಿಗೆ ಒತ್ತಿ ಮೂಸುತ್ತಾರೆ, ಎಸಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಕೆಲವು ಮನೆಗಳಲ್ಲಿ ಗುಲ್ಕಂದ ಮಾಡುತ್ತಾರೆ. ಅದೇ ಹಿತ್ತಲಲ್ಲಿ ನೀರಿನ ತೊಟ್ಟಿ ಇರುತ್ತದೆ, ಕೋಳಿ ಮೇಯುತ್ತವೆ, ಎಮ್ಮೆ ಕಟ್ಟಿರುತ್ತದೆ.

ಆದ್ದರಿಂದ ತೋಟಕ್ಕೆ ಕಲಸಿದ ಔಷಧಿಯನ್ನು ಮನೆಯ ಹೂಗಿಡಕ್ಕೆ ಎಂದೂ ಹೊಡೆಯತಕ್ಕದ್ದಲ್ಲ. ಅಗತ್ಯವಿದ್ದಷ್ಟೇ ಕಲಸಿ, ಉಳಿದರೆ ಅದೇ ಬೆಳೆಯ ಸಾಲಿನಲ್ಲೇ ಮುಗಿಸಿಬಿಡಿ. ಆದರೆ ಉಪದೇಶ ಮಾತ್ರದಿಂದ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ಔಷಧಿ ಬೇಡುವ ಗಿಡವನ್ನು ಮನೆಗೆ ತಂದರೆ ಒಂದಲ್ಲ ಒಂದು ದಿನ ಔಷಧಿ ಹೊಡೆಯಬೇಕೆನಿಸುತ್ತದೆ. ಅಂಥ ಗಿಡವನ್ನೇ ತರದಿರುವುದು ಎಲ್ಲಕ್ಕಿಂತ ಉತ್ತಮವಾದ ಸಸ್ಯ ಸಂರಕ್ಷಣೆ.

ಪರಿಮಳ ಎಲ್ಲಿಗೆ ಹೋಯಿತು?

ಈಗಿನ ಗುಲಾಬಿಗೆ ವಾಸನೆಯೇ ಇಲ್ಲ ಎಂದು ಹಿರಿಯರು ಹೇಳುವ ಮಾತು ಸುಳ್ಳಲ್ಲ. ಪೇಟೆಯಲ್ಲಿ ಒಂದೊಂದೇ ಕಡ್ಡಿಯ ಲೆಕ್ಕದಲ್ಲಿ ಮಾರುವ ಹಸಿರುಮನೆಯ ಗುಲಾಬಿಯನ್ನು ಉದ್ದ ಕಾಂಡ, ಗಟ್ಟಿ ಎಸಳು, ಹೆಚ್ಚು ದಿನ ಬಾಳುವ ಗುಣಕ್ಕಾಗಿ ಆರಿಸಿದ್ದಾರೆ. ಆ ಆಯ್ಕೆಯಲ್ಲಿ ಪರಿಮಳ ಯಾರ ಗಣನೆಗೂ ಬರಲಿಲ್ಲ. ಗಣನೆಗೆ ಬಾರದ ಗುಣ ತಳಿ ಅಭಿವೃದ್ಧಿಯಲ್ಲಿ ಕ್ರಮೇಣ ಕಳೆದುಹೋಗುತ್ತದೆ. ರಾಗಿಯಲ್ಲಿ ಕಾಳಿನ ಇಳುವರಿಯನ್ನೇ ನೋಡುತ್ತ ಹೋದರೆ ಹುಲ್ಲು ಕಡಿಮೆಯಾದೀತೆಂದು ನೀವು ಎಚ್ಚರ ವಹಿಸುವುದಿಲ್ಲವೇ? ಇದೂ ಹಾಗೆಯೇ.

ಪರಿಮಳವೆಂಬುದು ಹೂವಿನ ಎಸಳು ತಯಾರಿಸುವ ಹಲವು ಎಣ್ಣೆಯಂಥ ವಸ್ತುಗಳ ಮಿಶ್ರಣ. ಅವುಗಳಲ್ಲಿ ಜೆರಾನಿಯಾಲ್ ಎಂಬುದು ಮುಖ್ಯವಾದದ್ದು. ಫ್ರಾನ್ಸಿನ ವಿಜ್ಞಾನಿಗಳು 2015ರಲ್ಲಿ, ಗುಲಾಬಿಯಲ್ಲಿ ಈ ವಸ್ತುವಿನ ತಯಾರಿಕೆಗೆ ಕಾರಣವಾದ ಒಂದು ವಂಶವಾಹಿಯನ್ನು ಗುರುತಿಸಿದರು. ಘಮಘಮಿಸುವ ಪಾಪಾ ಮೆಯ್ಲಾಂ ಎಂಬ ತಳಿಯನ್ನೂ ವಾಸನೆ ಬಹಳ ಕಡಿಮೆಯಿರುವ ರೂಜ್ ಮೆಯ್ಲಾಂ ಎಂಬ ತಳಿಯನ್ನೂ ಅವರು ಹೋಲಿಸಿ ನೋಡಿದರು. ಪರಿಮಳದ ತಳಿಯ ಎಸಳಿನಲ್ಲಿ ಆ ವಂಶವಾಹಿ ಚುರುಕಾಗಿ ಕೆಲಸಮಾಡುತ್ತಿತ್ತು, ಇನ್ನೊಂದರಲ್ಲಿ ಮಂದವಾಗಿತ್ತು. ಇದರಿಂದ ರೈತರು ತಿಳಿಯಬೇಕಾದ ಅಂಶ ಇಷ್ಟೇ: ಪರಿಮಳ ತಳಿಯ ಗುಣ. ಗೊಬ್ಬರ ಹಾಕಿದರೆ ಬರುವಂಥದ್ದಲ್ಲ. ವಾಸನೆಯಿಲ್ಲದ ತಳಿಯನ್ನು ತಂದು ಎಷ್ಟು ಹಿಂಡಿ ಹಾಕಿದರೂ ಅದು ಘಮಿಸುವುದಿಲ್ಲ.

ಇನ್ನೊಂದು ಮಾತು. ಹೂವು ಅರಳುವ ಮುಂಜಾವಿನಲ್ಲಿ ಪರಿಮಳ ಹೆಚ್ಚು. ಬಿಸಿಲೇರಿದಂತೆ ಅದು ಗಾಳಿಗೆ ಹಾರಿಹೋಗುತ್ತದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಅತ್ತರಿಗೆ ಹೂ ಕೊಡುವ ರೈತರು ಬಿಸಿಲು ಬೀಳುವ ಮೊದಲೇ ಕಿತ್ತು ಮುಗಿಸುವುದು ಇದೇ ಕಾರಣಕ್ಕೆ. ಆದ್ದರಿಂದ ನರ್ಸರಿಯಲ್ಲಿ ಮಧ್ಯಾಹ್ನ 2 ಗಂಟೆಗೆ ಮೂಸಿ ನೋಡಿ ಗಿಡ ಆರಿಸಬೇಡಿ. ಬೆಳಿಗ್ಗೆ 8 ಗಂಟೆಯ ಒಳಗೆ ಹೋಗಿ.

ಮತ್ತೆ ಮತ್ತೆ ಹೂ ಬಿಡುವ ಗುಣ

ಪರಿಮಳವೊಂದೇ ಸಾಲದು. ಪರಿಮಳಕ್ಕೆ ಹೆಸರಾದ ಡಮಾಸ್ಕ್ ಗುಲಾಬಿಯನ್ನೇ ನೋಡಿ. ರಾಜಸ್ಥಾನದಲ್ಲಿ ಇದನ್ನು ಚೈತ್ರಮಾಸದ ಹೂವೆಂದು ಚೈತಿ ಗುಲಾಬಿ ಎನ್ನುತ್ತಾರೆ. ಅತ್ತರು, ಪನ್ನೀರು ಇದರಿಂದಲೇ. ಆದರೆ ಇದು ಹೂ ಬಿಡುವುದು ವರ್ಷಕ್ಕೊಮ್ಮೆ, ಮಾರ್ಚ್–ಏಪ್ರಿಲ್‌ನ ಕೆಲವು ವಾರ ಮಾತ್ರ. ಅದಕ್ಕೂ ಮೊದಲು ಒಳ್ಳೆಯ ಚಳಿ ಬೇಕು. ನಮ್ಮ ಬಯಲುಸೀಮೆಯ ಚಳಿ ಅದಕ್ಕೆ ಸಾಲದು. "ಅಸಲಿ ಅತ್ತರಿನ ಗುಲಾಬಿ" ಎಂದು ಯಾರಾದರೂ ಉತ್ತರ ದೇಶದಿಂದ ತಂದ ಗಿಡವನ್ನು ಹೊಸದುರ್ಗದಲ್ಲಿ ಮಾರಿದರೆ, ಎಲೆ ಬೆಳೆದೀತು, ಹೂವಿಗೆ ಕಾಯುತ್ತ ಕೂರಬೇಕಾದೀತು.

ವರ್ಷವಿಡೀ ಹೂ ಬಿಡುವ ಗುಣ ಗುಲಾಬಿಗೆ ಬಂದದ್ದು ಚೀನಾ ದೇಶದಿಂದ. ಕಾಡು ಗುಲಾಬಿಗಳಲ್ಲಿ, ಒಂದು ಬಾರಿ ಹೂ ಬಿಟ್ಟ ನಂತರ "ಇನ್ನು ಸಾಕು, ಬರಿಯ ಚಿಗುರು ಬಿಡು" ಎಂದು ಗಿಡಕ್ಕೆ ಅಪ್ಪಣೆಮಾಡುವ ಒಂದು ವಂಶವಾಹಿಯಿದೆ. ಚೀನಾ ಗುಲಾಬಿಯಲ್ಲಿ ಈ ವಂಶವಾಹಿಯ ನಡುವೆ ಬೇರೊಂದು ತುಣುಕು ಬಂದು ಸೇರಿ ಅದು ಕೆಟ್ಟುಹೋಗಿದೆ. ತಡೆಯುವವನೇ ಇಲ್ಲದ ಮೇಲೆ ಬಂದ ಪ್ರತಿಯೊಂದು ಚಿಗುರಿನ ತುದಿಯಲ್ಲೂ ಹೂವು! 2012ರಲ್ಲಿ ಫ್ರಾನ್ಸ್ ಮತ್ತು ಜಪಾನಿನ ವಿಜ್ಞಾನಿಗಳು ಇದನ್ನು ವಿವರಿಸಿದರು. ಈ ಗುಣ ಪೂರ್ಣವಾಗಿ ಕಾಣಬೇಕಾದರೆ ಸಾಮಾನ್ಯವಾಗಿ ತಾಯಿ ತಂದೆ ಎರಡೂ ಕಡೆಯಿಂದ ಬರಬೇಕು. ಆದ್ದರಿಂದಲೇ ಪರಿಮಳ ಮತ್ತು ಮರುಹೂ ಎರಡನ್ನೂ ಒಂದೇ ಗಿಡದಲ್ಲಿ ಕೂಡಿಸುವುದು ಸುಲಭದ ಕೆಲಸವಾಗಲಿಲ್ಲ. ಇಂಗ್ಲೆಂಡಿನ ಡೇವಿಡ್ ಆಸ್ಟಿನ್ ಹಳೆಯ ಗುಲಾಬಿಯ ಪರಿಮಳವನ್ನು ಹೊಸ ಗಿಡಕ್ಕೆ ತರಲು ಹೊರಟು 1961ರಲ್ಲಿ ಬಿಡುಗಡೆ ಮಾಡಿದ ಮೊದಲ ತಳಿ ಕಾನ್‌ಸ್ಟನ್ಸ್ ಸ್ಪ್ರೈ ವರ್ಷಕ್ಕೊಮ್ಮೆಯೇ ಹೂ ಬಿಡುತ್ತಿತ್ತು. ಮರುಹೂ ಬಿಡುವ ತಳಿಗಳನ್ನು ಕೊಡಲು ಅವರಿಗೆ 1969ರವರೆಗೆ ಕಾಲ ಹಿಡಿಯಿತು.

ಆದರೆ ನಮ್ಮ ಹಿತ್ತಲಿಗೆ ಬೇಕಾದ ಬೆರಕೆ ಅದಕ್ಕಿಂತ ಬಹಳ ಮೊದಲೇ, ಯಾರ ಪ್ರಯತ್ನವೂ ಇಲ್ಲದೆ ಆಗಿಹೋಗಿತ್ತು. ಹಿಂದೂ ಮಹಾಸಾಗರದಲ್ಲಿ ಈಗ ರಿಯೂನಿಯನ್ ಎಂದು ಕರೆಯುವ ದ್ವೀಪಕ್ಕೆ ಆಗ ಬೂರ್ಬೋನ್ ಎಂಬ ಹೆಸರಿತ್ತು. ಅಲ್ಲಿಯವರು ಚೀನಾ ಗುಲಾಬಿಯನ್ನೂ, ವರ್ಷಕ್ಕೆ ಎರಡನೆಯ ಬಾರಿ ಒಂದಿಷ್ಟು ಹೂ ಬಿಡುವ ಒಂದು ಬಗೆಯ ಡಮಾಸ್ಕ್ ಗುಲಾಬಿಯನ್ನೂ ಬೇಲಿಗೆ ನೆಡುತ್ತಿದ್ದರು. ಬೇಲಿಯಲ್ಲೇ ಅವೆರಡೂ ಬೆರೆತು ಹುಟ್ಟಿದ ಗಿಡವೇ ಎಡ್ವರ್ಡ್ ಗುಲಾಬಿ. ಅದರ ವಂಶದ ಬೀಜ 1819ರ ಸುಮಾರಿಗೆ ಪ್ಯಾರಿಸ್ಸಿಗೆ ಹೋಗಿ ಅಲ್ಲಿ ಬೂರ್ಬೋನ್ ಗುಲಾಬಿಗಳ ದೊಡ್ಡ ಕುಲವೇ ಬೆಳೆಯಿತು. ನಮ್ಮ ದಕ್ಷಿಣ ದೇಶದಲ್ಲಿ ಪನ್ನೀರು ಗುಲಾಬಿ ಎಂದು ಕರೆಯುವುದು ಬಹುಮಟ್ಟಿಗೆ ಈ ಎಡ್ವರ್ಡ್ ಗುಲಾಬಿಯನ್ನೇ. ಡಮಾಸ್ಕಿನ ಪರಿಮಳ, ಚೀನಾದ ಮರುಹೂ, ಬೇಲಿಯ ಗಡಸುತನ ಮೂರೂ ಇದರಲ್ಲಿವೆ.

ಕಸಿ ಗಿಡವೋ, ಕಡ್ಡಿ ಗಿಡವೋ?

ನರ್ಸರಿಯಲ್ಲಿ ಸಿಕ್ಕುವ ದೊಡ್ಡ ಹೂವಿನ ಗುಲಾಬಿಗಳು ಸಾಮಾನ್ಯವಾಗಿ ಕಣ್ಣು ಕಸಿ ಮಾಡಿದವು. ಕೆಳಗಿನ ಬೇರು ಸಸಿ ಒಂದು ಜಾತಿ, ಮೇಲಿನ ಗಿಡ ಇನ್ನೊಂದು. ಬೇಸಿಗೆಯಲ್ಲಿ ನಾಲ್ಕು ದಿನ ನೀರು ತಪ್ಪಿದರೆ ಅಥವಾ ತುದಿ ಒಣಗುವ ರೋಗ ತಗುಲಿದರೆ ಮೇಲಿನ ಭಾಗ ಸಾಯುತ್ತದೆ. ಕೆಳಗಿನ ಬೇರು ಸಸಿ ಬದುಕಿ ಚಿಗುರುತ್ತದೆ. "ಕೆಂಪು ಗುಲಾಬಿ ತಂದೆ, ಈಗ ಅದು ಕಾಡು ಗುಲಾಬಿಯಾಯಿತು" ಎಂದು ಹಲವರು ದೂರುವುದು ಇದನ್ನೇ. ಗಿಡ ಬದಲಾಗಿಲ್ಲ. ದುಡ್ಡು ಕೊಟ್ಟು ತಂದ ಗಿಡ ಸತ್ತುಹೋಗಿ, ಅದನ್ನು ಹೊತ್ತಿದ್ದ ಗಿಡ ಉಳಿದಿದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ದೇಶದಲ್ಲಿ ಬೇರು ಸಸಿಯಾಗಿ ಬಳಸುವ ಕೆಲವೇ ಗುಲಾಬಿಗಳಲ್ಲಿ ಎಡ್ವರ್ಡ್ ಗುಲಾಬಿಯೂ ಒಂದು. ಬಿಸಿಲು, ಕ್ಷಾರ ಮಣ್ಣು, ನೀರಿನ ಕೊರತೆ ತಡೆಯುವ ಶಕ್ತಿ ಅದರ ಬೇರಿಗಿದೆ ಎಂದೇ ಅದನ್ನು ಆರಿಸಿದ್ದು. ಇನ್ನೊಬ್ಬರನ್ನು ಹೊರಲು ಅಷ್ಟು ಯೋಗ್ಯವಾದ ಗಿಡವನ್ನು ಅದರ ಹೂವಿಗಾಗಿಯೇ ಏಕೆ ಬೆಳೆಯಬಾರದು?

ಕಡ್ಡಿಯಿಂದ ಬೆಳೆದ ಗಿಡ ನೆಲದವರೆಗೆ ಒಣಗಿದರೂ ಬುಡದಿಂದ ಅದೇ ಹೂವಿನ ಚಿಗುರು ಬರುತ್ತದೆ. ಹತ್ತು ಹದಿನೈದು ವರ್ಷ ಬಾಳಬೇಕಾದ ಮನೆಯ ಗಿಡಕ್ಕೆ ಇದು ಬಹು ದೊಡ್ಡ ಗುಣ. ಮೇಲಾಗಿ, ಒಂದು ಮನೆಯ ಗಿಡದಿಂದ ಊರಿನ ಹತ್ತು ಮನೆಗೆ ಕಡ್ಡಿ ಕೊಡಬಹುದು. ಖರ್ಚಿಲ್ಲ.

ಯಾವ ಯಾವ ಗುಲಾಬಿ?

ಮೊದಲನೆಯ ಸ್ಥಾನ ಮೇಲೆ ಹೇಳಿದ ಪನ್ನೀರು ಗುಲಾಬಿ ಅಥವಾ ಎಡ್ವರ್ಡ್ ಗುಲಾಬಿಗೆ. ಗುಲಾಬಿ ಬಣ್ಣದ ಹೂವು, ಗಾಢ ಪರಿಮಳ, ಗೊಂಚಲಿನಲ್ಲಿ ಬಿಡುತ್ತದೆ. ಗಿಡ 5–6 ಅಡಿ ಬೆಳೆಯುತ್ತದೆ, ಮುಳ್ಳು ಹೆಚ್ಚು. ಹೂವು ಒಂದೆರಡು ದಿನಕ್ಕೆ ಉದುರುತ್ತದೆ. ಹಬ್ಬದ ಹಿಂದಿನ ದಿನ ಕಿತ್ತಿಡಲು ಆಗದು, ಅಂದಂದಿನ ಹೂವು ಅಂದಿಗೆ.

ಎರಡನೆಯದು ಗ್ರೂಸ್ ಆನ್ ಟೆಪ್ಲಿಟ್ಸ್. ಹೆಸರು ಬಾಯಿಗೆ ಕಷ್ಟ, ಗಿಡ ಸುಲಭ. ಆಸ್ಟ್ರಿಯಾ–ಹಂಗೆರಿಯ ಅರಣ್ಯಾಧಿಕಾರಿ ರುಡಾಲ್ಫ್ ಗೆಶ್‌ವಿಂಡ್ ಬೆಳೆಸಿದ ಈ ತಳಿ 1897ರಲ್ಲಿ ಹೊರಬಂತು. ಇದರಲ್ಲಿಯೂ ಚೀನಾ ಮತ್ತು ಬೂರ್ಬೋನ್ ಗುಲಾಬಿಗಳ ರಕ್ತವಿದೆ. ಕಡುಗೆಂಪು ಹೂವು, ಮಸಾಲೆಯಂಥ ಘಾಟು ಬೆರೆತ ಪರಿಮಳ. ಹೂವಿನ ತೊಟ್ಟು ಬಾಗಿರುವುದರಿಂದ ಹೂದಾನಿಗೆ ಹೊಂದದು, ಆದರೆ ಮುಡಿಯಲು, ಬಿಡಿ ಹೂವಿಗೆ ಯಾವ ತೊಂದರೆಯೂ ಇಲ್ಲ. ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಕಡ್ಡಿಯಿಂದ ಬರುತ್ತದೆ.

ಮೂರನೆಯದು ನಮ್ಮವರೇ ಬೆಳೆಸಿದ ರೋಸ್ ಶರ್ಬತ್. ಗೋಧಿಯ ತುಕ್ಕು ರೋಗ ನಿರೋಧಕ ತಳಿಗಳಿಗಾಗಿ ಹೆಸರಾದ, 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದ ಡಾ. ಬಿ. ಪಿ. ಪಾಲ್ ಅವರಿಗೆ ಗುಲಾಬಿಯೆಂದರೆ ಪ್ರಾಣ. ಅವರು ಗ್ರೂಸ್ ಆನ್ ಟೆಪ್ಲಿಟ್ಸ್‌ನ ಬೀಜದಿಂದ ಬೆಳೆಸಿ 1962ರಲ್ಲಿ ಹೊರತಂದ ತಳಿ ಇದು. ಕಡು ಗುಲಾಬಿ ಬಣ್ಣ, ಹೆಸರಿಗೆ ತಕ್ಕ ಸುವಾಸನೆ. ದೇಶದ ಗೋಧಿಯ ಹೊಣೆ ಹೊತ್ತ ವಿಜ್ಞಾನಿಗೆ ಶರಬತ್ತಿನ ಗುಲಾಬಿ ಕೀಳು ವಿಷಯವೆನಿಸಲಿಲ್ಲ ಎಂಬುದನ್ನು "ರೈತರಿಗೆ ಗುಲಾಬಿಯೇಕೆ?" ಎನ್ನುವವರು ಗಮನಿಸಬೇಕು.

ನಿಗಾ ವಹಿಸಬಲ್ಲವರು ಹೆಸರುಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಪರಿಮಳ ತಳಿಯನ್ನು ಪ್ರಯತ್ನಿಸಿ ನೋಡಬಹುದು. ಪಾಪಾ ಮೆಯ್ಲಾಂನಂಥ ದೊಡ್ಡ ಹೂವಿನ ತಳಿಗಳಿಗೂ ಪರಿಮಳವುಂಟು, ಆಧುನಿಕ ಗುಲಾಬಿಗಳೆಲ್ಲ ನಿರ್ಗಂಧವೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಬೂದಿ ರೋಗ, ಕಪ್ಪು ಚುಕ್ಕೆ ರೋಗ ಬೇಗ ತಗಲುತ್ತವೆ. ಅಲ್ಲಿಗೆ ಮತ್ತೆ ಔಷಧಿಯ ಪಂಪಿನ ಬಳಿಗೇ ಬಂದಂತಾಯಿತು. ಇನ್ನು ಇಂಗ್ಲೆಂಡಿನ ಗುಲಾಬಿಗಳೆಂದು ದುಬಾರಿ ಬೆಲೆಗೆ ಬರುವ ಗಿಡಗಳು ತಂಪು ದೇಶದಲ್ಲಿ ಆರಿಸಿದವು. ಒಂದು ಗಿಡ ತಂದು ಎರಡು ಬೇಸಿಗೆ ನೋಡದೆ ಹೆಚ್ಚು ಹಣ ಹಾಕಬೇಡಿ.

ಏಪ್ರಿಲ್ ತಿಂಗಳ ಪರೀಕ್ಷೆ

ಈ ಹೆಸರುಗಳು ನಿಮ್ಮ ಸಮೀಪದ ನರ್ಸರಿಯಲ್ಲಿ ಸಿಗದೆ ಹೋಗಬಹುದು. ಸಿಕ್ಕರೂ ಚೀಟಿಯ ಮೇಲಿನ ಹೆಸರು ಸರಿಯಿರುತ್ತದೆಂದು ನಂಬುವಂತಿಲ್ಲ. ಅದಕ್ಕಾಗಿ ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ.

ಏಪ್ರಿಲ್ ತಿಂಗಳಲ್ಲಿ, ಬಿಸಿಲು ಉಗ್ರವಾಗಿರುವಾಗ, ಬೆಳಗಿನ ಹೊತ್ತು ನಿಮ್ಮ ಊರಿನ ಬೀದಿಗಳಲ್ಲಿ ಒಮ್ಮೆ ನಡೆದು ಬನ್ನಿ. ಹಳೆಯ ಮನೆಗಳ ಹಿತ್ತಲು, ಶಾಲೆಯ ಆವರಣ, ದೇವಸ್ಥಾನದ ಹೂದೋಟ ನೋಡಿ. ಬಚ್ಚಲ ನೀರು ಬಿಟ್ಟು ಬೇರೇನೂ ಕಾಣದ ಗುಲಾಬಿ ಗಿಡಗಳಲ್ಲಿ ಯಾವುದರ ಎಲೆ ಹಸಿರಾಗಿದೆ? ಯಾವುದರಲ್ಲಿ ಹೊಸ ಚಿಗುರಿನ ತುದಿಗೆ ಮೊಗ್ಗಿದೆ? ಅರಳಿದ ಹೂವು ಚಿಕ್ಕದಾಗಿದ್ದರೂ ಮೂಸಿದರೆ ಪರಿಮಳವಿದೆಯೇ? ಮನೆಯೊಡತಿಯನ್ನು ಎರಡು ಪ್ರಶ್ನೆ ಕೇಳಿ: ಗಿಡ ಎಷ್ಟು ವರ್ಷದ್ದು? ಔಷಧಿ ಹೊಡೆಯುತ್ತೀರಾ? ಹಲವು ವರ್ಷದಿಂದ ಇದೆ, ಏನೂ ಹೊಡೆಯುವುದಿಲ್ಲ ಎಂಬ ಉತ್ತರ ಬಂದರೆ ಆ ಗಿಡಕ್ಕೆ ಒಂದು ದಾರ ಕಟ್ಟಿ ಬನ್ನಿ. ಮಳೆ ಹಿಡಿದ ಮೇಲೆ ಮತ್ತೊಮ್ಮೆ ನೋಡಿ. ಆಗಲೂ ಹೂ ಬಿಡುತ್ತಿದ್ದರೆ ಅದೇ ನಿಮ್ಮ ತಳಿ, ಅದರ ಹೆಸರು ಏನೇ ಇರಲಿ. ಸಂಶೋಧನಾ ಕೇಂದ್ರದಲ್ಲಿ ನಾವು ಹಲವು ವರ್ಷ ನಡೆಸುವ ತಳಿ ಪರೀಕ್ಷೆಯನ್ನು ಆ ಮನೆಯ ಹೆಣ್ಣುಮಗಳು ತನಗರಿವಿಲ್ಲದೆ ನಡೆಸಿರುತ್ತಾಳೆ.

ನಾಟಿ ಮತ್ತು ಆರೈಕೆ

ಜೂನ್–ಜುಲೈನಲ್ಲಿ ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ಕಡ್ಡಿಯನ್ನು 20 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. 4 ಕಣ್ಣುಗಳಿರಲಿ. ಕೆಳಗಿನ ತುದಿಯನ್ನು ಗಂಟಿನ ಕೆಳಗೆ ಓರೆಯಾಗಿ ಕತ್ತರಿಸಿ, ಬೇರು ಬರಿಸುವ ಪುಡಿ ಸಿಕ್ಕರೆ ಅದ್ದಿ. ಮರಳು, ಕೆಮ್ಮಣ್ಣು, ಹಳೆಯ ಗೊಬ್ಬರ ಸಮನಾಗಿ ಬೆರೆಸಿದ ಚೀಲದಲ್ಲಿ ಮೂರರಲ್ಲಿ ಎರಡು ಭಾಗ ಹೂತು ನೆರಳಿನಲ್ಲಿಡಿ. ಒಂದು ಗಿಡ ಬೇಕಾದರೆ ಆರು ಕಡ್ಡಿ ನೆಡಿ, ಎಲ್ಲವೂ ಹಿಡಿಯುವುದಿಲ್ಲ. 6–8 ವಾರದಲ್ಲಿ ಬೇರು ಬರುತ್ತದೆ. ಚಿಗುರು ಕಂಡೊಡನೆ ಬೇರು ಬಂತೆಂದು ಕಿತ್ತು ನೋಡಬೇಡಿ.

ಚಿತ್ರದುರ್ಗ ಜಿಲ್ಲೆ ಸೇರಿರುವ ಮಧ್ಯ ಒಣ ವಲಯದಲ್ಲಿ ವರ್ಷದ ಮಳೆ ಸುಮಾರು 455ರಿಂದ 717 ಮಿ.ಮೀ. ಮಾತ್ರ. ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ಹೆಚ್ಚು ಭರವಸೆಯದು. ಬೇರು ಬಂದ ಗಿಡವನ್ನು ಆ ವೇಳೆಗೆ ನೆಲಕ್ಕೆ ನೆಟ್ಟರೆ ಬೇಸಿಗೆಯ ಮೊದಲು ಬೇರು ಆಳಕ್ಕಿಳಿಯುತ್ತದೆ. ಆಷಾಢದ ಗಾಳಿ ಈ ಸೀಮೆಯಲ್ಲಿ ಎಷ್ಟು ಬಿರುಸೆಂಬುದಕ್ಕೆ ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಸಾಕ್ಷಿ. ಆದ್ದರಿಂದ ಮನೆಯ ಪೂರ್ವ ದಿಕ್ಕಿಗೆ ನೆಡಿ. ಬೆಳಗಿನ ಬಿಸಿಲು ಸಿಗುತ್ತದೆ, ಪಡುವಣ ಗಾಳಿ ಮತ್ತು ಇಳಿಹೊತ್ತಿನ ಉರಿಬಿಸಿಲನ್ನು ಮನೆಯ ಗೋಡೆ ತಡೆಯುತ್ತದೆ. ಗೋಡೆಯಿಂದ 4 ಅಡಿ, ಗಿಡದಿಂದ ಗಿಡಕ್ಕೆ 5 ಅಡಿ ಅಂತರವಿರಲಿ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗೆ ಒಂದು ಪುಟ್ಟಿ ಕೊಟ್ಟಿಗೆ ಗೊಬ್ಬರ, ಕಾಲು ಕೆ.ಜಿ. ಬೇವಿನ ಹಿಂಡಿ ಬೆರೆಸಿ. ಗೆದ್ದಲಿನ ಹಾವಳಿ ಇರುವಲ್ಲಿ ಅರೆ ಕೊಳೆತ ಗೊಬ್ಬರ ಹಾಕಲೇಬಾರದು. ಬುಡಕ್ಕೆ ತೆಂಗಿನ ಸಿಪ್ಪೆಯನ್ನು ಬೋರಲಾಗಿ ಮುಚ್ಚಿ. ಹೊಸದುರ್ಗದಲ್ಲಿ ಅದಕ್ಕೆ ಕೊರತೆಯಿಲ್ಲ, ನೀರು ಅರ್ಧ ಉಳಿಯುತ್ತದೆ ಎಂದರೂ ತಪ್ಪಾಗಲಾರದು.

ಸ್ನಾನದ ನೀರು ಅಡ್ಡಿಯಿಲ್ಲ, ಬಟ್ಟೆ ಒಗೆದ ಸೋಪುಪುಡಿಯ ನೀರು ಬೇಡ. ಕೊಳವೆ ಬಾವಿಯ ಗಡಸು ನೀರು ಹಾಯಿಸುತ್ತ ಬಂದರೆ ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದು ರೋಗವಲ್ಲ, ಕಬ್ಬಿಣದ ಕೊರತೆ. ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಸಿಂಪಡಿಸಿ. ಮಳೆಗಾಲದಲ್ಲಿ ಚಾವಣಿಯ ನೀರನ್ನು ಬುಡಕ್ಕೆ ತಿರುಗಿಸಿದರೆ ಲವಣ ತೊಳೆದುಹೋಗುತ್ತದೆ.

ಪೊದೆ ಗುಲಾಬಿಯನ್ನು ದಾಳಿಂಬೆಯಂತೆ ಕಠಿಣವಾಗಿ ಚಾಟನಿ ಮಾಡಬೇಕಾಗಿಲ್ಲ. ಅಕ್ಟೋಬರಿನಲ್ಲಿ ಒಣ ಕಡ್ಡಿ ತೆಗೆದು, ಉಳಿದದ್ದನ್ನು ಮೂರನೆಯ ಒಂದು ಭಾಗ ಸವರಿದರೆ ಸಾಕು. ಕತ್ತರಿಸಿದ ಬಾಯಿಗೆ ದಾಳಿಂಬೆಗೆ ಹಚ್ಚುವ ಬೋರ್ಡೋ ಮುಲಾಮನ್ನೇ ಹಚ್ಚಿದರೆ ತುದಿ ಒಣಗುವ ರೋಗ ತಡೆಯಬಹುದು. ಇದು ಗಾಯಕ್ಕೆ ಮಾತ್ರ, ಹೂವಿಗೆ ತಾಗದು. ಹೂವನ್ನು ಗಿಡದಲ್ಲೇ ಒಣಗಲು ಬಿಡಬೇಡಿ. ಕೆಳಗಿನ ಎರಡು ಪೂರ್ಣ ಎಲೆಗಳೊಡನೆ ಕತ್ತರಿಸಿದರೆ ಅಲ್ಲಿಂದ ಚಿಗುರು ಬಂದು ಸುಮಾರು 6–7 ವಾರದಲ್ಲಿ ಮತ್ತೆ ಹೂ ಬಿಡುತ್ತದೆ. ಮುಡಿಯಲು ಕೀಳುವ ಕೆಲಸವೇ ಹೀಗೆ ಗಿಡದ ಆರೈಕೆಯೂ ಆಗುತ್ತದೆ. ಬೇಸಿಗೆಯ ಕೆಂಪು ಜೇಡ ನುಸಿಗೆ ಎಲೆಯ ಕೆಳಭಾಗಕ್ಕೆ ರಭಸದಿಂದ ನೀರು ಚಿಮುಕಿಸಿ. ಹೇನಿಗೂ ಅದೇ ಚಿಕಿತ್ಸೆ. ಇದಕ್ಕೂ ಬಗ್ಗದ ಗಿಡವನ್ನು ಕಿತ್ತು ಬೇರೆ ನೆಡುವುದು ಲೇಸು.

ಕೆಲವು ಆಕ್ಷೇಪಣೆಗಳು

ಇಂಥ ಹೂವಿಗೆ ಪೇಟೆಯಲ್ಲಿ ಬೆಲೆಯಿಲ್ಲವಲ್ಲ ಎಂದು ಕೇಳಬಹುದು. ಮಾರಾಟಕ್ಕೆ ಬೆಳೆಯುವವರ ಲೆಕ್ಕ ಬೇರೆ. ಅವರು ಸಾಗಾಣಿಕೆ ತಡೆಯುವ ತಳಿಯನ್ನೇ ಹೊಲದಲ್ಲಿ ಬೆಳೆಯಲಿ, ಶಿಫಾರಸಿನಂತೆ ಸಸ್ಯ ಸಂರಕ್ಷಣೆ ಮಾಡಲಿ. ಮನೆಯ ಹೂವು ಹತ್ತು ಹೆಜ್ಜೆ ದೂರದ ದೇವರ ಮನೆಗೆ ಹೋಗತಕ್ಕದ್ದು. ಅದಕ್ಕೆ ಲಾರಿಯಲ್ಲಿ ಬಾಳುವ ಗುಣ ಬೇಕಿಲ್ಲ. ಪೇಟೆಯ ಅಳತೆಗೋಲನ್ನು ಹಿತ್ತಲಿಗೆ ತಂದದ್ದರಿಂದಲೇ ಪರಿಮಳದ ಗಿಡಗಳು ಬೇಲಿಯಿಂದ ಮಾಯವಾದವು.

ನೀರಿಗೇ ಬರವಿರುವಾಗ ಹೂಗಿಡವೇಕೆ ಎಂಬುದು ಇನ್ನೊಂದು ಮಾತು. ಇದು ಗಂಭೀರವಾದ ಮಾತು. ಆದ್ದರಿಂದಲೇ ಹತ್ತು ಗಿಡ ನೆಡಿ ಎಂದು ನಾನು ಹೇಳುವುದಿಲ್ಲ. ಒಂದು ಮನೆಗೆ ಎರಡು ಗಿಡ ಸಾಕು. ಹೇಗೂ ಹರಿದುಹೋಗುವ ಬಚ್ಚಲ ನೀರು ಅವುಗಳಿಗೆ ಸಾಲುತ್ತದೆ. ಬಿಂದಿಗೆ ಹೊತ್ತು ನೀರು ತರುವವರು ಬಹುತೇಕ ಹೆಂಗಸರು. ಅವರ ಶ್ರಮ ಹೆಚ್ಚಿಸುವ ಗಿಡವನ್ನು ಗಂಡಸರು ಚಿತ್ರ ನೋಡಿ ತರಬಾರದು. ಯಾವ ಗುಲಾಬಿ ಬೇಕೆಂಬ ತೀರ್ಮಾನವನ್ನು ಅವರಿಗೇ ಬಿಡುವುದು ನ್ಯಾಯ.

ಕೊನೆಯದಾಗಿ, ನಮ್ಮಂಥವರ ಹೊಣೆಯ ವಿಷಯ. ಹಿರಿಯೂರಿನ ಬಬ್ಬೂರು ಫಾರಂನಂಥ ಸಂಶೋಧನಾ ಕೇಂದ್ರಗಳಲ್ಲಿ, ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಪರಿಮಳದ ಪೊದೆ ಗುಲಾಬಿಗಳ ಒಂದು ಸಣ್ಣ ತಾಯಿಗಿಡದ ಸಾಲು ಇರುವುದು ಅಗತ್ಯ. ಊರೂರಿನ ಹಿತ್ತಲುಗಳಲ್ಲಿ ಬೇಸಿಗೆ ಗೆದ್ದು ನಿಂತ ಗಿಡಗಳಿಂದ ಕಡ್ಡಿ ತಂದು ಅಕ್ಕಪಕ್ಕದಲ್ಲಿ ಬೆಳೆಸಿ ನೋಡಿದರೆ ಒಣ ವಲಯಕ್ಕೆ ಯಾವುದು ತಕ್ಕದ್ದೆಂದು ಖಚಿತವಾಗಿ ಹೇಳಬಹುದು. ಕೊಡೈಕೆನಾಲಿನ ಎಂ. ಎಸ್. ವೀರರಾಘವನ್ ಅವರು ಬಿಸಿ ಸೀಮೆಗೆ ಹೊಂದುವ ಗುಲಾಬಿಗಳಿಗಾಗಿ ನಮ್ಮ ದೇಶದ್ದೇ ಕಾಡು ಗುಲಾಬಿಗಳನ್ನು ಬಳಸಿ ದಶಕಗಳ ಕಾಲ ತಳಿ ಅಭಿವೃದ್ಧಿ ಮಾಡಿದ್ದಾರೆ. ಖಾಸಗಿಯಾಗಿ ಒಬ್ಬರು ಕೈಹಾಕಿದ ಕೆಲಸಕ್ಕೆ ಸರ್ಕಾರದ ಕೇಂದ್ರಗಳೂ ಒಂದಿಷ್ಟು ನೆಲ ಕೊಡುವುದು ಅಸಾಧ್ಯವಲ್ಲ. ಗಿಡ ಮಾರುವವರು ಕೂಡ ಚೀಟಿಯಲ್ಲಿ ಮೂರು ಸಂಗತಿ ಬರೆಯಲಿ: ಕಸಿಯೋ ಕಡ್ಡಿಯೋ, ಪರಿಮಳ ಉಂಟೋ ಇಲ್ಲವೋ, ವರ್ಷಕ್ಕೊಮ್ಮೆಯೋ ಮತ್ತೆ ಮತ್ತೆಯೋ. ಬಿತ್ತನೆ ಬೀಜದ ಚೀಲದ ಮೇಲೆ ವಿವರ ಕೇಳುವ ರೈತರು ಹೂಗಿಡಕ್ಕೂ ಕೇಳಬಹುದು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಏಪ್ರಿಲ್‌ನಲ್ಲಿ ದಾರ ಕಟ್ಟಿದ ಗಿಡದಿಂದ ಮುಂಗಾರಿನಲ್ಲಿ ಆರು ಕಡ್ಡಿ ತನ್ನಿ. ಔಷಧಿಯ ಪಂಪನ್ನು ತೋಟದ ಮನೆಯಲ್ಲೇ ಬಿಟ್ಟು ಬನ್ನಿ. ಮನೆಯ ಹೂವನ್ನು ಮಗು ಕೈಯಲ್ಲಿ ಹಿಡಿದು ಮೂಸಿದಾಗ ತಾಯಿಗೆ ಅಂಜಿಕೆಯಾಗಬಾರದು. ಹಿತ್ತಲ ಗುಲಾಬಿಗೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ.